ಯಾರದು ಕೊಳ್ಳಲಿ ಎನ್ನುವ ಮೊದಲು ಎಷ್ಟು ಹೊತ್ತಿನದು ಎಂದು ಕೇಳಿ

ಮೊದಲ ಸಂಬಳ ಕೈಗೆ ಬಂದ ವಾರ ತಂಗಿಯ ಮಗಳು ಕರೆ ಮಾಡಿ, "ಮಾಮಾ, ಹಿಂದೂಸ್ತಾನಿ ಗಾಯನ ಕೇಳಲು ಶುರು ಮಾಡಬೇಕೆಂದಿದ್ದೇನೆ. ದುಡ್ಡು ಕೊಟ್ಟೇ ಕೊಳ್ಳುತ್ತೇನೆ, ಒಳ್ಳೆಯದೊಂದು ಹೇಳಿ" ಎಂದಳು. ನಾನು ಹಿಂದೆಮುಂದೆ ನೋಡದೆ ಭೀಮಸೇನ ಜೋಶಿಯವರ ದರಬಾರಿ ರಾಗ ಎಂದುಬಿಟ್ಟೆ. ಒಂದು ಗಂಟೆಗೂ ಮೀರಿದ ಕಛೇರಿಯ ಮುದ್ರಣ ಅದು. ಹತ್ತು ದಿನ ಬಿಟ್ಟು ವಿಚಾರಿಸಿದರೆ ಹನ್ನೆರಡನೇ ನಿಮಿಷಕ್ಕೆ ನಿಲ್ಲಿಸಿದ್ದಳು. "ಹಾಡು ಇನ್ನೂ ಶುರುವಾಗಿಯೇ ಇಲ್ಲ ಅನ್ನಿಸಿತು" ಎಂದಳು.

ಅವಳ ಕಿವಿಯದೇನೂ ತಪ್ಪಿಲ್ಲ. ನಾನು ಯಾರದು ಎಂಬುದನ್ನಷ್ಟೇ ಹೇಳಿದ್ದೆ. ಎಷ್ಟು ಹೊತ್ತಿನದು, ಎಲ್ಲಿ ಹಾಡಿದ್ದು, ಯಾವ ಯಂತ್ರದ ಮುಂದೆ ಹಾಡಿದ್ದು ಎಂಬುದನ್ನು ಹೇಳಿರಲಿಲ್ಲ. ಬೀಥೋವನ್‌ನ ಐದನೇ ಸಿಂಫನಿಯನ್ನು ಯಾವ ವಾದ್ಯವೃಂದ ನುಡಿಸಿದರೂ ಅದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ವರಗಳೆಲ್ಲ ಕಾಗದದ ಮೇಲಿರುವುದರಿಂದ ಕೊಳ್ಳುವವರಿಗೆ ಯಾರು ನುಡಿಸಿದ್ದು ಎಂಬ ಪ್ರಶ್ನೆಯೇ ದೊಡ್ಡದು. ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರವಾದ ಖ್ಯಾಲ್ ಹಾಗಲ್ಲ. ಅದೇ ರಾಗ, ಅದೇ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು), ಅದೇ ಗಾಯಕರು. ಮೂರು ನಿಮಿಷಕ್ಕೂ ಹಾಡಿ ಮುಗಿಸಬಹುದು, ಎಪ್ಪತ್ತು ನಿಮಿಷಕ್ಕೂ ಬೆಳೆಸಬಹುದು. ಎಷ್ಟೋ ಸಲ ಅದನ್ನು ಹಿಗ್ಗಿಸಿದ್ದು, ಕುಗ್ಗಿಸಿದ್ದು ಗಾಯಕರ ಮನಸ್ಸಲ್ಲ, ಮುದ್ರಿಸಿಕೊಂಡ ಯಂತ್ರ. ಹೀಗಾಗಿ ಏನು ಕೊಳ್ಳಬೇಕೆಂದು ತಿಳಿಯುವುದಕ್ಕೆ ಮೊದಲು ಯಂತ್ರದ ಕಥೆ ಸ್ವಲ್ಪ ತಿಳಿದಿರಬೇಕು.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಆಗ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಚಾಚಿದಂತಿದ್ದ ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿ ದನಿಯಲ್ಲಿ ಹಾಡಬೇಕು. ಆ ದನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಆಚೀಚೆ. ಹಾಡು ಮುಗಿದ ಕೂಡಲೇ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಯಾವುದು ಎಂದು ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲಿ ಎಂದು ಈ ಏರ್ಪಾಡು. ಇಷ್ಟು ದೊಡ್ಡ ಹೆಸರಿನ ಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು ಎಂಬುದು ನಮ್ಮವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ.

ಮೂರು ನಿಮಿಷ ಎಂದರೆ ಸಂಗೀತಕ್ಕೆ ಏನು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಇಂದಿನ ಕಛೇರಿಯಲ್ಲಿ ಅತಿ ವಿಲಂಬಿತ, ಅಂದರೆ ಬಹಳ ನಿಧಾನದ, ಏಕತಾಲದ ಹನ್ನೆರಡು ಮಾತ್ರೆಗಳ ಒಂದು ಆವರ್ತನ ಮುಗಿಯಲು ಸುಮಾರು ಒಂದು ನಿಮಿಷ ಬೇಕು. ಅಂದರೆ ಮೂರು ಸಲ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬರುವಷ್ಟರಲ್ಲಿ ತಟ್ಟೆ ಮುಗಿದಿರುತ್ತದೆ. ಅದಕ್ಕೇ ಆ ಕಾಲದ ಗಾಯಕರು ನಿಧಾನ ಲಯದ ಬಡಾ ಖ್ಯಾಲ್ ಅನ್ನು ಪಕ್ಕಕ್ಕಿಟ್ಟು ಮಧ್ಯ ಲಯದ, ದ್ರುತ್ (ವೇಗದ) ಲಯದ ಚೀಜು ಎನ್ನುವ ಬಂದಿಶ್‌ಗಳನ್ನೋ ಹಗುರ ಶೈಲಿಯ ಠುಮ್ರಿಯನ್ನೋ ಎತ್ತಿಕೊಂಡರು. ಹಾಡಿನ ಎರಡು ಭಾಗಗಳಾದ ಸ್ಥಾಯಿ, ಅಂತರಾ, ರಾಗದ ಮುಖ ಕಾಣಿಸುವ ನಾಲ್ಕಾರು ಆಲಾಪಗಳು, ಮಿಂಚಿನಂಥ ಎರಡು ಮೂರು ತಾನುಗಳು (ವೇಗದ ಸ್ವರಸರಣಿಗಳು), ಅಲ್ಲಿಗೆ ಮುಗಿಯಿತು. ಅದನ್ನು ಕಛೇರಿಯ ಸಾರಾಂಶ ಎಂದುಕೊಂಡರೆ ಅನ್ಯಾಯವಾಗುತ್ತದೆ. ಮಹಾಕಾವ್ಯವನ್ನು ಕತ್ತರಿಸಿದರೆ ಮುಕ್ತಕವಾಗುವುದಿಲ್ಲ. ಮುಕ್ತಕವನ್ನು ಮುಕ್ತಕವೆಂದೇ ಕಟ್ಟಬೇಕು. ಹಳೆಯ ಪ್ಲೇಟಿನ ದೊಡ್ಡ ಗಾಯಕರು ಆ ಮೂರು ನಿಮಿಷವನ್ನು ಹಾಗೆ ಕಟ್ಟಿದರು.

ಇದಕ್ಕೆ ಕಿರಾಣಾ ಪರಂಪರೆಯ ಗಾಯಕ ಅಬ್ದುಲ್ ಕರೀಂ ಖಾನರಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅವರ ಝಿಂಝೋಟಿ ರಾಗದ 'ಪಿಯಾ ಬಿನ್ ನಹೀಂ ಆವತ ಚೈನ್' ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿದ ಗದಗ ಸೀಮೆಯ ಹುಡುಗನೊಬ್ಬ ಹಾಗೆ ಹಾಡಬೇಕೆಂದು ಹಟ ಹಿಡಿದು, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅವನೇ ಭೀಮಸೇನ ಜೋಶಿ. ಅವರು ಕೊನೆಗೆ ಗುರುವನ್ನು ಕಂಡುಕೊಂಡದ್ದು ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ತಟ್ಟೆಯಿಂದ ಹೊರಟ ದಾರಿ ತಟ್ಟೆಯ ಮನೆತನಕ್ಕೇ ಬಂದು ಸೇರಿತು. ಈಗ ಆ ಮುದ್ರಿಕೆಯನ್ನು ಕೇಳಿ. ದನಿ ತೆಳ್ಳಗೆ, ಎತ್ತರದ ಶ್ರುತಿಯಲ್ಲಿ ಸೂಜಿಯ ಮೊನೆಯಂತೆ ಬರುತ್ತದೆ. ಸರಸರ ಸದ್ದಿನ ಹಿಂದೆ ಒಂದೊಂದು ಸ್ವರವೂ ತನ್ನ ನೆಲೆಯಲ್ಲಿ ಎಷ್ಟು ಸರಿಯಾಗಿ ನಿಲ್ಲುತ್ತದೆಂದರೆ, ಎರಡನೇ ಸಲ ಕೇಳುವಾಗ ಸರಸರ ಸದ್ದು ಕಿವಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮೊದಲ ಖರೀದಿ ಅಬ್ದುಲ್ ಕರೀಂ ಖಾನರ ಹಳೆಯ ಪ್ಲೇಟುಗಳ ಸಂಕಲನವಾಗಲಿ. ಅದರಲ್ಲಿ ಈ ಝಿಂಝೋಟಿ ಮತ್ತು ಭೈರವಿಯ 'ಜಮುನಾ ಕೆ ತೀರ್' ಇವೆಯೇ ಎಂದು ನೋಡಿಕೊಳ್ಳಿ. ಜೊತೆಗೆ ಅದೇ 'ಜಮುನಾ ಕೆ ತೀರ್' ಅನ್ನು ಭೀಮಸೇನರು ಹಾಡಿದ್ದನ್ನೂ ಕೊಳ್ಳಿ. ಒಂದರಲ್ಲಿ ತಟ್ಟೆ ಮುಗಿದೀತೆಂಬ ಎಚ್ಚರ, ಇನ್ನೊಂದರಲ್ಲಿ ಬಿಡುವು. ಗುರುಪರಂಪರೆಯ ಅಜ್ಜ ಮೂರು ನಿಮಿಷದಲ್ಲಿ ಹೇಳಿದ್ದನ್ನು ಮೊಮ್ಮಗ ಎಲ್ಲಿ ಹಿಗ್ಗಿಸುತ್ತಾನೆ, ಯಾವ ಪದದ ಮೇಲೆ ಕೂರುತ್ತಾನೆ ಎಂದು ಹಿಡಿಯಲು ಶಾಸ್ತ್ರಜ್ಞಾನ ಬೇಕಿಲ್ಲ, ನಾಲ್ಕು ಸಲ ಕೇಳಿದರೆ ಸಾಕು. ಘರಾಣೆ, ಅಂದರೆ ಗಾಯನದ ಗುರುಮನೆತನ, ಎಂಬ ಮಾತಿನ ಅರ್ಥ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಹೀಗೆ ಎರಡನ್ನು ಅಕ್ಕಪಕ್ಕ ಇಟ್ಟುಕೊಂಡಾಗ.

ಮೂರು ನಿಮಿಷದ ಬಗ್ಗೆ ಇನ್ನೂ ಅನುಮಾನವಿದ್ದರೆ ಕೇಸರಬಾಯಿ ಕೇರಕರ್ ಅವರ ಭೈರವಿ 'ಜಾತ್ ಕಹಾಂ ಹೋ' ಕೇಳಿ. ಮೂರೂವರೆ ನಿಮಿಷದ್ದು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲಿ ಭೂಮಿಯ ಸಂಗೀತವೆಂದು ಹೋದವುಗಳಲ್ಲಿ ಭಾರತದ ಪಾಲಿಗೆ ಇದ್ದದ್ದು ಅದೊಂದೇ.

ಇನ್ನು ಎಲ್‌ಪಿ (ಲಾಂಗ್ ಪ್ಲೇ). ನಿಮಿಷಕ್ಕೆ 33⅓ ಸುತ್ತು ತಿರುಗುವ, ಕೂದಲೆಳೆಯಷ್ಟು ಸಣ್ಣ ಗೆರೆಗಳ ಈ ತಟ್ಟೆ ಅಮೆರಿಕದಲ್ಲಿ 1948ರಲ್ಲಿ ಬಂತು. ನಮ್ಮಲ್ಲಿ ಬಳಕೆಗೆ ಬರುವಷ್ಟರಲ್ಲಿ ಐವತ್ತರ ದಶಕ ಮುಗಿಯುತ್ತಿತ್ತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ. ಖ್ಯಾಲ್ ಗಾಯನದ ಪಾಲಿಗೆ ಅದು ಬರಿಯ ಉದ್ದದ ಮಾತಾಗಿರಲಿಲ್ಲ. ವಿಲಂಬಿತ್ ಹಾಡಿ, ಬಢತ್ ಮಾಡಿ (ರಾಗವನ್ನು ಹಂತಹಂತವಾಗಿ ಬೆಳೆಸಿ), ದ್ರುತ್‌ಗೆ ತಿರುಗಿ ಮುಗಿಸಲು ಮೊಟ್ಟಮೊದಲ ಸಲ ಜಾಗ ಸಿಕ್ಕಿತು. ಈ ಇಪ್ಪತ್ತು ನಿಮಿಷವನ್ನು ತನ್ನದಾಗಿಸಿಕೊಂಡವರಲ್ಲಿ ಅಮೀರ್ ಖಾನ್ ಮೊದಲಿಗರು. 1960ರಲ್ಲಿ ಹೊರಬಂದ ಅವರ ಎಲ್‌ಪಿಯ ಒಂದು ಮಗ್ಗುಲಲ್ಲಿ ಮಾರ್ವಾ, ಇನ್ನೊಂದರಲ್ಲಿ ದರಬಾರಿ. ನಾನು ಹುಡುಗಿಗೆ ಮೊದಲೇ ಹೇಳಬೇಕಾಗಿದ್ದ ದರಬಾರಿ ಇದು.

ಮಾರ್ವಾದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸೂರ್ಯ ಮುಳುಗುವ ಹೊತ್ತಿನ ಈ ರಾಗದಲ್ಲಿ ಪಂಚಮವೇ (ಪ) ಇಲ್ಲ. ಆಧಾರ ಸ್ವರವಾದ ಷಡ್ಜ (ಸ) ಇದೆ, ಆದರೆ ಅದರ ಮೇಲೆ ಕಾಲೂರುವುದನ್ನು ಗಾಯಕರು ಮುಂದೂಡುತ್ತಲೇ ಹೋಗುತ್ತಾರೆ. ಕೋಮಲ ರಿಷಭ ಮತ್ತು ಧೈವತಗಳ ನಡುವೆ ಸುಳಿದಾಡುತ್ತಾರೆ. ಮನೆಯ ಬಾಗಿಲವರೆಗೆ ಬಂದು ಒಳಗೆ ಹೋಗದೆ ನಿಂತವರ ಹಾಗೆ. ತಂಬೂರಿ ಮಾತ್ರ ಆ ಷಡ್ಜವನ್ನು ಬಿಡದೆ ನುಡಿಯುತ್ತಿರುತ್ತದೆ. ಕೊನೆಗೊಮ್ಮೆ ಅಮೀರ್ ಖಾನರ ದನಿ ಷಡ್ಜಕ್ಕೆ ಇಳಿದಾಗ ಕೇಳುವವರ ಉಸಿರೂ ಅದರ ಜೊತೆಗೆ ಇಳಿಯುತ್ತದೆ. ಮೂರು ನಿಮಿಷದಲ್ಲಿ ಈ ಕಾಯುವಿಕೆಯನ್ನು ಕಟ್ಟಲು ಆಗುವುದಿಲ್ಲ. ಎಪ್ಪತ್ತು ನಿಮಿಷದ್ದಾದರೆ ಹೊಸಬರಿಗೆ ತಾಳಿಕೊಳ್ಳುವುದು ಕಷ್ಟ. ಒಂದು ಎಲ್‌ಪಿ ಮಗ್ಗುಲು ಹೇಳಿ ಮಾಡಿಸಿದ ಅಳತೆ.

ಎಲ್‌ಪಿಯ ಅಳತೆ ಇಷ್ಟೇ ಸಹಜವಾಗಿ ಒಗ್ಗಿದ್ದು ಮಲ್ಲಿಕಾರ್ಜುನ ಮನ್ಸೂರರಿಗೆ. ಇದಕ್ಕೆ ಕಾರಣ ಅವರ ಹಾಡುವ ಶೈಲಿಯಲ್ಲೇ ಇದೆ. ಧಾರವಾಡದ ಹತ್ತಿರದ ಮನಸೂರಿನ ಈ ಗಾಯಕರು ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಜೈಪುರ ಅತ್ರೌಲಿ ಘರಾಣೆಯ ಶೈಲಿಯನ್ನು ಪಡೆದರು. ಜೈಪುರದವರು ಒಂದೊಂದೇ ಸ್ವರವನ್ನು ಹತ್ತು ನಿಮಿಷ ಬೆಳೆಸುತ್ತ ಕೂರುವುದಿಲ್ಲ. ಲಯ ಮೊದಲಿನಿಂದಲೇ ನಡೆಯುತ್ತಿರುತ್ತದೆ. ಸ್ವರಗಳು ಹಗ್ಗದ ಎಳೆಗಳಂತೆ ಹೆಣೆದುಕೊಂಡು, ಬಿಡುವಿಲ್ಲದೆ, ಸಮ್‌ನತ್ತ ಸಾಗುತ್ತವೆ. ಆದ್ದರಿಂದ ಮನ್ಸೂರರ ಇಪ್ಪತ್ತು ನಿಮಿಷದಲ್ಲಿ ಕೊರತೆ ಎಂಬುದಿಲ್ಲ. ಅವರನ್ನು ಕೊಳ್ಳುವಾಗ ಹೊಸಬರು ಮಾಡುವ ತಪ್ಪೊಂದಿದೆ: ಶಿವಮತ ಭೈರವ, ಬಹಾದುರಿ ತೋಡಿ, ಖಟ್ ಮುಂತಾದ ಅಪರೂಪದ ರಾಗಗಳ ಹೆಸರು ನೋಡಿ ಮರುಳಾಗಿ ಅವನ್ನೇ ಮೊದಲು ಕೊಳ್ಳುತ್ತಾರೆ. ತೋಡಿಯ ಪರಿಚಯವಿಲ್ಲದೆ ಬಹಾದುರಿ ತೋಡಿಯಲ್ಲಿ ಏನು ಬದಲಾಯಿತು ಎಂದು ಕಿವಿಗೆ ಗೊತ್ತಾಗುವುದು ಹೇಗೆ? ಮೊದಲು ಗೌಡ ಮಲ್ಹಾರ, ಯಮನ್ ಮನೆತನದ ಯಾವುದಾದರೊಂದು ರಾಗ, ಅಪರೂಪದವು ಆಮೇಲೆ.

ಕನ್ನಡಿಗರಿಗೆ ಇನ್ನೊಂದು ಬಾಗಿಲಿದೆ. ಮನ್ಸೂರರ ದನಿಯಲ್ಲಿ 'ಅಕ್ಕ ಕೇಳವ್ವಾ' ವಚನ, ಭೀಮಸೇನರ ದಾಸರ ಪದಗಳು. ಇವನ್ನು ಕೇಳುವುದು ಶಾಸ್ತ್ರೀಯ ಸಂಗೀತ ಕೇಳಿದಂತಲ್ಲ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ, ಒಪ್ಪುವುದಿಲ್ಲ. ಮಾತು ಮೊದಲೇ ಗೊತ್ತಿರುವುದರಿಂದ ಕಿವಿ ಮಾತಿನ ಅರ್ಥ ಹುಡುಕುವುದನ್ನು ಬಿಟ್ಟು ದನಿಯ ನಡೆಯತ್ತ ತಿರುಗುತ್ತದೆ. ಗಾಯಕರ ದನಿಗೆ ಒಮ್ಮೆ ಸಲಿಗೆಯಾದರೆ ಬ್ರಜ ಭಾಷೆಯ ಬಂದಿಶ್ ಕೂಡ ಹೊರಗಿನದೆನ್ನಿಸುವುದಿಲ್ಲ.

ಕಛೇರಿಯ ಉದ್ದನೆಯ ಮುದ್ರಣಗಳು ಮೂರನೆಯ ಬಗೆ. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದ ಗಳಿಗೆಯಿಂದ ಎಲ್ಲವೂ ಸರಿಯಾಗಿರಬೇಕು. ಕಛೇರಿಯಲ್ಲಿ ಹಾಗಲ್ಲ. ಮೊದಲ ಹತ್ತು ಹದಿನೈದು ನಿಮಿಷ ಕಂಠ ಹದಕ್ಕೆ ಬರುತ್ತಿರುತ್ತದೆ, ತಂಬೂರಿಯ ಶ್ರುತಿಯನ್ನು ನಡುವೆಯೇ ಸರಿಪಡಿಸುತ್ತಾರೆ, ತಬಲಾದವರಿಗೆ ಲಯದ ಸನ್ನೆಯಾಗುತ್ತದೆ. ಅಲ್ಲಿದ್ದವರಿಗೆ ಇದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಮುದ್ರಿಕೆಯಲ್ಲಿ ಅದು ಬರಿಯ ತಡವೆನ್ನಿಸುತ್ತದೆ. ನನ್ನ ತಂಗಿಯ ಮಗಳು ಹನ್ನೆರಡನೇ ನಿಮಿಷಕ್ಕೆ ನಿಲ್ಲಿಸಿದ್ದು ಸರಿಯಾಗಿ ಈ ಘಟ್ಟದಲ್ಲಿ. ಆದರೆ ಭೀಮಸೇನರಂಥವರ ನಿಜವಾದ ಎತ್ತರ ಕಾಣುವುದು ಇಂಥ ಮುದ್ರಣಗಳಲ್ಲೇ. ಕಿರಾಣಾ ಬಢತ್ ಕೆಳಗಿನ ಮಂದ್ರ ಸ್ಥಾಯಿಯಿಂದ ಹೊರಟು, ಒಂದೊಂದು ಸ್ವರಕ್ಕೂ ಅದರ ಪಾಲಿನ ಹೊತ್ತು ಕೊಟ್ಟು, ಮೇಲಿನ ತಾರ ಷಡ್ಜದ ಬಾಗಿಲಲ್ಲಿ ನಿಲ್ಲುತ್ತದೆ. ನಲವತ್ತು ನಿಮಿಷ ಕಾಯಿಸಿದ ಷಡ್ಜ ಸಿಡಿದಾಗ ಸಭೆಯಿಂದ ಬರುವ ಉದ್ಗಾರವೂ ಸಂಗೀತದ ಭಾಗವೇ. ಸ್ಟುಡಿಯೋದ ಮುದ್ರಣದಲ್ಲಿ ಅದೇ ಷಡ್ಜ ಇದೆ, ಕಾಯುವಿಕೆ ಇಲ್ಲ. ಉದ್ದನೆಯದನ್ನು ಕೊಳ್ಳಿ, ಆದರೆ ಆ ರಾಗವನ್ನು ಇಪ್ಪತ್ತು ನಿಮಿಷದ ಅಳತೆಯಲ್ಲಿ ಕೇಳಿ ಪರಿಚಯ ಮಾಡಿಕೊಂಡ ಮೇಲೆ.

ಎಲ್ಲರದೂ ಎಲ್ಲ ಅಳತೆಯಲ್ಲಿ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು. ಅಬ್ದುಲ್ ಕರೀಂ ಖಾನ್ ತೀರಿಕೊಂಡದ್ದು 1937ರಲ್ಲಿ, ಫೈಯಾಜ್ ಖಾನ್ 1950ರಲ್ಲಿ, ಸವಾಯಿ ಗಂಧರ್ವ 1952ರಲ್ಲಿ, ಇನ್ನೂ ಮೂವತ್ತನಾಲ್ಕರ ಹರೆಯದ ಡಿ.ವಿ. ಪಲುಸ್ಕರ್ 1955ರಲ್ಲಿ. ಎಲ್‌ಪಿ ನಮ್ಮಲ್ಲಿ ನೆಲೆಯೂರುವ ಮೊದಲೇ ಹೋದವರು ಇವರೆಲ್ಲ. ಕಂಪನಿಯ ತಟ್ಟೆಗಳನ್ನೇ ನಂಬಿಕೊಂಡರೆ ಇವರು ಸಣ್ಣ ಸಣ್ಣ ಚೀಜುಗಳ ಗಾಯಕರೆಂದು ಅನ್ನಿಸೀತು. ಆ ಕಾಲದವರ ಉದ್ದನೆಯ ಗಾಯನ ಉಳಿದಿದ್ದರೆ ಅದು ಬಹುಮಟ್ಟಿಗೆ ಆಕಾಶವಾಣಿಯ ಕೃಪೆಯಿಂದ. ಆದ್ದರಿಂದ ಹಳಬರ ಹೆಸರಿನ ಜೊತೆಗೆ ಆಕಾಶವಾಣಿ ಮುದ್ರಣ ಎಂದು ಬರೆದದ್ದು ಕಂಡರೆ, ಸದ್ದು ಸ್ವಲ್ಪ ಮಬ್ಬಾಗಿದ್ದರೂ, ಬಿಡಬೇಡಿ.

ಗಂಗೂಬಾಯಿ ಹಾನಗಲ್ ಅವರ ವಿಷಯದಲ್ಲಿ ಕಾಲವನ್ನು ನೋಡದೆ ಕೊಂಡರೆ ಇಬ್ಬರು ಬೇರೆ ಬೇರೆ ಗಾಯಕಿಯರೆಂದೇ ತಿಳಿಯುವ ಅಪಾಯವಿದೆ. ಮೂವತ್ತರ ದಶಕದ ಪ್ಲೇಟುಗಳಲ್ಲಿ ಅವರದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ನಮಗೆಲ್ಲ ಗೊತ್ತಿರುವ ಆ ಗಂಭೀರ, ಗಂಡುದನಿಯಂಥ ಕಂಠವಾಯಿತು. ಎರಡನ್ನೂ ಕೊಳ್ಳಿ. ದನಿ ಕೈಬಿಟ್ಟಿತು ಎನ್ನುವ ಕಡೆಯಿಂದ ಹೊಸ ಗಾಯಕಿಯನ್ನೇ ಎಬ್ಬಿಸಿದವರನ್ನು ಕೇಳುವ ಅವಕಾಶ ಎಷ್ಟು ಸಲ ಸಿಗುತ್ತದೆ? ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರದೂ ಹೀಗೇ: ಕ್ಷಯರೋಗ ಅವರ ಗಾಯನವನ್ನು ವರ್ಷಗಟ್ಟಲೆ ನಿಲ್ಲಿಸಿಬಿಟ್ಟಿತ್ತು. ಆಮೇಲಿನ ಗಾಯನದಲ್ಲಿ ಸಣ್ಣ ಸಣ್ಣ ಉಸಿರಿನ ತುಣುಕುಗಳೇ ಶೈಲಿಯಾದವು. ನಿರಾಕಾರ ದೇವರನ್ನು ಹಾಡುವ ಅವರ ನಿರ್ಗುಣಿ ಭಜನೆಗಳಿಂದ ಶುರು ಮಾಡಿ.

ಇನ್ನು ಕೊಳ್ಳುವಾಗ ಹೊದಿಕೆಯ ಮೇಲೆ ನೋಡಬೇಕಾದ್ದು. ವೃತ್ತದೊಳಗೆ 'ಪಿ' ಅಕ್ಷರ ಬರೆದು ಪಕ್ಕದಲ್ಲಿ ಕೊಟ್ಟ ಇಸವಿ ಆ ಮುದ್ರಿಕೆ ಪ್ರಕಟವಾದ ವರ್ಷ, ಹಾಡಿದ ವರ್ಷವಲ್ಲ. ಒಂದೇ ಮುದ್ರಣ ಹಲವು ಹೆಸರಿನಲ್ಲಿ, ಹಲವು ಚಿತ್ರಗಳ ಹೊದಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಸದೆಂದು ತಂದು ಹಳೆಯದನ್ನೇ ಎರಡನೇ ಸಲ ಕೊಂಡ ನೋವು ನನಗೆ ಚೆನ್ನಾಗಿ ಗೊತ್ತಿದೆ. ರಾಗ, ಬಂದಿಶ್‌ನ ಮೊದಲ ಸಾಲು ಮತ್ತು ಅವಧಿ ಮೂರೂ ಒಂದೇ ಆಗಿದ್ದರೆ ಅದು ಹಳೆಯದೇ ಎಂದು ಹೆಚ್ಚುಕಡಿಮೆ ಖಚಿತ. ಅವಧಿಯಲ್ಲಿ ನಾಲ್ಕೈದು ಸೆಕೆಂಡಿನ ವ್ಯತ್ಯಾಸಕ್ಕೆ ಮರುಳಾಗಬೇಡಿ. ಆರಂಭದ ಮೌನ ಕತ್ತರಿಸಿದರೂ ಅಷ್ಟು ಬರುತ್ತದೆ. ಮೊಬೈಲಿನಲ್ಲಿ ಕೇಳುವವರಿಗೆ ಈ ವಿವರವೂ ಸಿಗುವುದಿಲ್ಲ. ಎಷ್ಟೋ ಕಡೆ ಗಾಯಕರ ಹೆಸರು, ರಾಗದ ಹೆಸರು ಬಿಟ್ಟರೆ ತಾಳ ಯಾವುದು, ತಬಲಾ ಯಾರು, ಪೇಟಿ (ಹಾರ್ಮೋನಿಯಂ) ಯಾರು ಎಂಬುದು ಮಾಯವಾಗಿರುತ್ತದೆ. ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ನನಗೆ ಕಾಣುವ ದೊಡ್ಡ ಲಾಭ ಇದೇ: ಜೊತೆಗೆ ನಾಲ್ಕು ಪುಟದ ಟಿಪ್ಪಣಿ ಬರುತ್ತದೆ.

ಹಳೆಯ ಪ್ಲೇಟನ್ನು ಸಿ.ಡಿ.ಗೆ ತಂದವರು ಎರಡು ಕಡೆ ಎಡವಬಹುದು. ಒಂದು ವೇಗ. ನಿಮಿಷಕ್ಕೆ 78 ಸುತ್ತಿನವೆಂದು ಅವನ್ನು 78 ಎಂದು ಕರೆದರೂ ಮೊದಮೊದಲ ತಟ್ಟೆಗಳನ್ನೆಲ್ಲ ಅದೇ ವೇಗದಲ್ಲಿ ಮುದ್ರಿಸಿರಲಿಲ್ಲ. 78ರ ತಟ್ಟೆಯನ್ನು 80ರಲ್ಲಿ ತಿರುಗಿಸಿದರೂ ಶ್ರುತಿ ಏರುತ್ತದೆ. ಹಾರ್ಮೋನಿಯಂನ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರದಲ್ಲಿ ಸುಮಾರು ಅರ್ಧದಷ್ಟು. ಅಷ್ಟಕ್ಕೇ ದನಿಯ ತೂಕ ಹಗುರಾಗುತ್ತದೆ, ತಾನುಗಳು ಅವಸರಪಡುತ್ತವೆ. ಇನ್ನೊಂದು ಶುದ್ಧೀಕರಣದ ಅತ್ಯುತ್ಸಾಹ. ಸರಸರ ಸದ್ದು ಇರುವ ಎತ್ತರದ ಕಂಪನಗಳಲ್ಲೇ ದನಿಯ ಹೊಳಪೂ ತಂಬೂರಿಯ ಝೇಂಕಾರವೂ ಇರುತ್ತವೆ. ಸದ್ದನ್ನು ಪೂರ್ತಿ ಒರೆಸಿದರೆ ಅವೂ ಒರೆಸಿಹೋಗಿ, ಗಾಯಕರು ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಒಂದು ನಿಮಿಷದ ಮಾದರಿ ಕೇಳಲು ಸಿಕ್ಕರೆ ಸ್ವಲ್ಪ ಸರಸರ ಇರುವುದನ್ನೇ ಆರಿಸಿ. ಏಕಧ್ವನಿಯ ಹಳೆಯ ಮುದ್ರಣವನ್ನು ಯಂತ್ರದಿಂದ ಸ್ಟೀರಿಯೋ ಮಾಡಿದ್ದೇವೆ ಎಂದು ಬರೆದಿದ್ದರೆ ಅದರ ಮೂಲ ರೂಪವನ್ನೇ ಹುಡುಕಿ.

ಹಳೆಯ ತಟ್ಟೆಗಳನ್ನೇ ಕೊಳ್ಳುವ ಆಸೆಯಿದ್ದವರು ಇಷ್ಟು ತಿಳಿದಿರಲಿ: 78ರ ಗೆರೆ ಅಗಲ, ಎಲ್‌ಪಿಯದು ಬಹಳ ಕಿರಿದು. ಎರಡಕ್ಕೂ ಒಂದೇ ಸೂಜಿ ನಡೆಯುವುದಿಲ್ಲ. ಹಳೆಯ ಉಕ್ಕಿನ ಸೂಜಿ ಎಲ್‌ಪಿಯನ್ನು ಒಂದೇ ಸಲಕ್ಕೆ ಕೆಡಿಸುತ್ತದೆ. 78ರ ತಟ್ಟೆ ಅರಗಿನಿಂದ ಮಾಡಿದ್ದು, ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ಎಲ್‌ಪಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ, ಕಣ್ಣಿನ ಮಟ್ಟಕ್ಕೆ ಹಿಡಿದು ಬಾಗಿದೆಯೇ ನೋಡಿ.

ತಂಗಿಯ ಮಗಳಿಗೆ ಎರಡನೇ ಸಲ ನಾನು ಬರೆದು ಕಳಿಸಿದ್ದು ಹೀಗೆ: ಮೊದಲ ತಿಂಗಳು ಅಬ್ದುಲ್ ಕರೀಂ ಖಾನ್, ಎರಡನೆಯ ತಿಂಗಳು ಅಮೀರ್ ಖಾನರ ಮಾರ್ವಾ ಮತ್ತು ದರಬಾರಿ ಮಾತ್ರ, ಆಮೇಲೆ ಮನ್ಸೂರರು, ಗಂಗೂಬಾಯಿಯವರ ಎರಡು ಕಾಲದವು. ಅದಾದ ಮೇಲೆ ಆ ನಿಲ್ಲಿಸಿದ ದರಬಾರಿಗೆ ವಾಪಸು ಹೋಗು ಎಂದಿದ್ದೆ. ಮಳೆಗಾಲ ಕಳೆದು ದಸರೆಯ ಹೊತ್ತಿಗೆ ಮತ್ತೆ ಕರೆ ಬಂತು. ಭೀಮಸೇನರ ದರಬಾರಿಯನ್ನು ಎರಡು ಸಲ ಪೂರ್ತಿ ಕೇಳಿದ್ದಳು. ಆದರೆ ಅದರ ಬಗ್ಗೆ ಹೇಳಲು ಕರೆ ಮಾಡಿರಲಿಲ್ಲ. "ಮಾಮಾ, ಇದರಲ್ಲಿ ಪೇಟಿ ನುಡಿಸಿದವರು ಯಾರು? ಎಲ್ಲಿ ಹುಡುಕಿದರೂ ಹೆಸರು ಹಾಕಿಲ್ಲ" ಎಂದಳು.